ಇಷ್ಟು ಹಳೇ ಸಾಫ್ಟ್‌ವೇರನ್ನು ಹೊಸದಾಗಿ ಯಾಕೆ ಬರೆಯಬಾರದು?

ಪ್ರಶ್ನೆ: ಕಂಪ್ಯೂಟರ್ ಸೈನ್ಸ್ ಓದಿ ಮುಗಿಸಿ ಎಂಟು ತಿಂಗಳಾಯಿತು. ಬೆಂಗಳೂರಿನ ಒಂದು ದೊಡ್ಡ ಕಾರ್ಖಾನೆಯ ಇಆರ್‌ಪಿ (ಖರೀದಿ, ಸ್ಟಾಕ್, ಮಾರಾಟ, ಲೆಕ್ಕ ಎಲ್ಲವನ್ನೂ ಒಂದೇ ಕಡೆ ನಡೆಸುವ ಸಾಫ್ಟ್‌ವೇರ್) ತಂಡದಲ್ಲಿ ಕೆಲಸ ಸಿಕ್ಕಿದೆ. ಅಲ್ಲಿ ಬಳಸುವ ಇಆರ್‌ಪಿ ಸ್ಯಾಪ್. ಅದನ್ನು ನೋಡಿ ನಿಜಕ್ಕೂ ಬೇಜಾರಾಗಿದೆ. ಸ್ಕ್ರೀನ್ ಓಬೀರಾಯನ ಕಾಲದ್ದು. ಒಳಗೆ ಮಾಹಿತಿ ಇಡುವ ಟೇಬಲ್‌ಗಳ ಹೆಸರುಗಳನ್ನು ಬಾಯಲ್ಲಿ ಹೇಳೋಕೂ ಬರಲ್ಲ. ಸಣ್ಣ ಬದಲಾವಣೆ ಕೇಳಿದರೂ ಮೂರು ತಿಂಗಳು ಅನ್ನುತ್ತಾರೆ. ಸ್ಟಾರ್ಟಪ್‌ಗಳಲ್ಲಿರುವ ನನ್ನ ಗೆಳೆಯರು ವಾರವಾರಕ್ಕೂ ಹೊಸದೇನೋ ಹೊರಬಿಡುತ್ತಿರುತ್ತಾರೆ. ಹತ್ತು ಜನ ಒಳ್ಳೇ ಎಂಜಿನಿಯರ್‌ಗಳು ಕೂತರೆ ಎರಡು ವರ್ಷದಲ್ಲಿ ಇದನ್ನು ಹೊಸದಾಗಿ ಬರೆಯೋಕಾಗಲ್ವಾ? ನಾನು ಈ ಕೆಲಸದಲ್ಲೇ ಮುಂದುವರಿಯಬೇಕಾ?
ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಸ್ಕ್ರೀನ್ ಬಗ್ಗೆ ನೀವು ಹೇಳಿದ್ದು ಸರಿ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಈಗಲೂ ವಾರಕ್ಕೊಮ್ಮೆಯಾದರೂ ಅದನ್ನು ಬೈಯದೆ ಇರುವುದಿಲ್ಲ. ಆದರೆ ಹತ್ತು ಜನ, ಎರಡು ವರ್ಷ ಅನ್ನುವ ಲೆಕ್ಕ ಇದೆಯಲ್ಲ, ಅದು ತಪ್ಪು. ಯಾಕೆ ಅಂತ ಹೇಳೋಕೆ ನಿಮ್ಮನ್ನು ನಿಮ್ಮದೇ ಕಾರ್ಖಾನೆಯ ಗೇಟಿನ ಹತ್ತಿರ ಕರೆದುಕೊಂಡು ಹೋಗಬೇಕು.

ಬೆಳಗ್ಗೆ ಹತ್ತೂವರೆ. ಕಬ್ಬಿಣದ ಸರಳು ಹೊತ್ತ ಲಾರಿ ಬಂದಿದೆ. ಡ್ರೈವರ್ ಕೈಯಲ್ಲಿ ಡಿಸಿ (ಮಾಲಿನ ಜೊತೆ ಬರುವ ಡೆಲಿವರಿ ಚಲನ್) ಮತ್ತು ತೂಕದ ಚೀಟಿ. ಸೆಕ್ಯುರಿಟಿಯವರು ಗೇಟ್ ಎಂಟ್ರಿ ಮಾಡಿ ಒಳಗೆ ಬಿಡುತ್ತಾರೆ. ಸ್ಟೋರ್ಸಿನವರು ಬಂದ ಮಾಲನ್ನು ದಾಖಲಿಸುವ ಮಿಗೋ ಸ್ಕ್ರೀನ್ ತೆಗೆದು, ಪಿಒ (ಖರೀದಿ ಆರ್ಡರ್) ನಂಬರ್ ಹಾಕಿ, 500 ಕೆಜಿ ಅಂತ ಹೊಡೆದು, ಪೋಸ್ಟ್ ಒತ್ತುತ್ತಾರೆ. ಜಿಆರ್‌ಎನ್, ಅಂದರೆ ಮಾಲು ಬಂದದ್ದರ ದಾಖಲೆ, ಆಯಿತು. ಅವರ ಪಾಲಿಗೆ ಕೆಲಸ ಅಲ್ಲಿಗೆ ಮುಗಿಯಿತು.

ಒಳಗೆ ಏನೇನಾಯಿತು ನೋಡಿ. ಸ್ಟಾಕ್ 500 ಕೆಜಿ ಏರಿತು. ಪಿಒದಲ್ಲಿ ಬಾಕಿ ಅಷ್ಟೇ ಇಳಿಯಿತು. ಕ್ಯೂಸಿ (ಗುಣಮಟ್ಟದ ಪರೀಕ್ಷೆ) ಆಗಬೇಕಾದ ಮಾಲಾದರೆ ಬೇರೆ ಕಡೆ ನಿಂತಿತು, ಪ್ರೊಡಕ್ಷನ್‌ನವರು ಇನ್ನೂ ಮುಟ್ಟುವ ಹಾಗಿಲ್ಲ. ಅಕೌಂಟ್ಸಿನಲ್ಲಿ ಯಾರೂ ಕೈ ಹಾಕದೆ ಒಂದು ವೋಚರ್ ಹುಟ್ಟಿತು. ಸ್ಟಾಕ್ ಖಾತೆಗೆ ಡೆಬಿಟ್, ಜಿಆರ್‌ಐಆರ್ ಖಾತೆಗೆ ಕ್ರೆಡಿಟ್. ಮಾಲು ಬಂದಿದೆ, ಬಿಲ್ ಇನ್ನೂ ಬಂದಿಲ್ಲ ಅನ್ನುವುದನ್ನು ಹಿಡಿದಿಟ್ಟುಕೊಳ್ಳುವ ಖಾತೆ ಅದು. ರಾತ್ರಿ ಎಂಆರ್‌ಪಿ (ಪ್ಯಾಕೆಟ್ ಮೇಲಿನ ಬೆಲೆ ಅಲ್ಲ, ಏನು ಎಷ್ಟು ಬೇಕು ಅಂತ ಲೆಕ್ಕ ಹಾಕುವ ಪ್ರೋಗ್ರಾಂ) ಓಡಿದಾಗ ನಾಳೆ ಕೊಳ್ಳಬೇಕಾದ ಪಟ್ಟಿಯಿಂದ ಇಷ್ಟು ಸರಳು ಕಡಿಮೆಯಾಗುತ್ತದೆ. ಸಾಲದ್ದಕ್ಕೆ, ಸರಳನ್ನು ಕೊಂಡದ್ದು ಕೆಜಿ ಲೆಕ್ಕದಲ್ಲಿ, ಶಾಪ್ ಫ್ಲೋರಿಗೆ ಕೊಡುವುದು ಮೀಟರ್ ಲೆಕ್ಕದಲ್ಲಿ. ಒಂದು ಮೀಟರಿಗೆ ಎಷ್ಟು ಕೆಜಿ ಅನ್ನುವುದನ್ನು ಯಾರೋ ಹಿಂದೆ ಮಾಸ್ಟರಿನಲ್ಲಿ (ಪ್ರತಿ ಮಾಲಿನ ಮೂಲ ವಿವರ ಇರುವ ಕಡೆ) ತುಂಬಿಟ್ಟಿದ್ದಾರೆ. ಅದು ತಪ್ಪಿದ್ದರೆ ಮುಂದಿನ ಎಲ್ಲವೂ ತಪ್ಪು.

ಈಗ ಬೆಲೆಗೆ ಬರೋಣ. ಸರಳಿನ ಹಳೇ ಸ್ಟಾಕ್ 1,000 ಕೆಜಿ ಇತ್ತು, ಕೆಜಿಗೆ 60 ರೂಪಾಯಿಯಂತೆ 60,000. ಹೊಸ 500 ಕೆಜಿಗೆ ಪಿಒ ಬೆಲೆ 66, ಅಂದರೆ 33,000. ಒಟ್ಟು 1,500 ಕೆಜಿ, 93,000 ರೂಪಾಯಿ. ಸರಾಸರಿ 62. ಇಲ್ಲಿಯ ತನಕ ಐದನೇ ಕ್ಲಾಸಿನ ಗಣಿತ.

ವಾರದಲ್ಲಿ ಪ್ರೊಡಕ್ಷನ್ 1,400 ಕೆಜಿ ಬಳಸಿತು. ಉಳಿದದ್ದು 100 ಕೆಜಿ, 6,200 ರೂಪಾಯಿ. ಆಮೇಲೆ ವೆಂಡರ್ ಬಿಲ್ ಬಂತು. ಅದರಲ್ಲಿ ಕೆಜಿಗೆ 66 ಅಲ್ಲ, 70. ಪರ್ಚೇಸಿನವರು ಒಪ್ಪಿಕೊಂಡರು, ಮಾರ್ಕೆಟ್ ರೇಟ್ ಏರಿದೆ. 500 ಕೆಜಿಗೆ ನಾಲ್ಕು ರೂಪಾಯಿಯಂತೆ 2,000 ರೂಪಾಯಿ ಹೆಚ್ಚು. ಈ ಎರಡು ಸಾವಿರವನ್ನು ಎಲ್ಲಿ ಹಾಕುತ್ತೀರಿ?

ಹೊಸದಾಗಿ ಬರೆಯುವ ಹತ್ತು ಎಂಜಿನಿಯರ್‌ಗಳಲ್ಲಿ ಎಂಟು ಜನ ಅದನ್ನು ಸ್ಟಾಕಿಗೆ ಕೂಡಿಸುತ್ತಾರೆ. ನಾನೂ ಮೊದಲ ವರ್ಷ ಹಾಗೇ ಮಾಡುತ್ತಿದ್ದೆ. ಆಗ 100 ಕೆಜಿಯ ಬೆಲೆ 8,200 ಆಗುತ್ತದೆ, ಕೆಜಿಗೆ 82 ರೂಪಾಯಿ! ಯಾರೂ 82ಕ್ಕೆ ಸರಳು ಕೊಂಡೇ ಇಲ್ಲ. ಆ 82ರ ಮೇಲೆ ಸೇಲ್ಸಿನವರು ಕೊಟೇಷನ್ ಕೊಟ್ಟರೆ ಆರ್ಡರ್ ಕೈತಪ್ಪುತ್ತದೆ. ಸ್ಯಾಪ್ ಏನು ಮಾಡುತ್ತದೆ ಗೊತ್ತಾ? ಬಿಲ್ ಬಂದದ್ದು 500 ಕೆಜಿಗೆ, ಸ್ಟಾಕಿನಲ್ಲಿ ಇರುವುದು 100. ಹಾಗಾಗಿ ಐದನೇ ಒಂದು ಭಾಗ, 400 ರೂಪಾಯಿ ಮಾತ್ರ ಸ್ಟಾಕಿಗೆ. ಉಳಿದ 1,600 ಬೆಲೆ ವ್ಯತ್ಯಾಸದ ಖಾತೆಗೆ. ಸರಳಿನ ಬೆಲೆ ಕೆಜಿಗೆ 66 ಆಗಿ ನಿಲ್ಲುತ್ತದೆ. ಇದೂ ಪೂರ್ತಿ ಸರಿ ಅಂತ ಎಲ್ಲ ಕಾಸ್ಟ್ ಅಕೌಂಟೆಂಟ್‌ಗಳೂ ಒಪ್ಪುವುದಿಲ್ಲ. ಆದರೆ ಹೀಗೆ ಮಾಡಬೇಕು ಅಂತ ಯಾರೋ ಎಲ್ಲೋ ಜಗಳವಾಡಿ ತೀರ್ಮಾನಿಸಿದ್ದಾರೆ. ಅದು ಕೋಡಿನಲ್ಲಿ ಕೂತಿದೆ.

ಇದು ಒಂದು ಸ್ಕ್ರೀನಿನ ಒಂದು ಫೀಲ್ಡಿನ ಕಥೆ. ನೀವು ಎಸೆಯಬೇಕು ಅನ್ನುತ್ತಿರುವ ಹಳೇ ಕೋಡಿನ ತುಂಬ ಇಂಥ ತೀರ್ಮಾನಗಳೇ ಇವೆ. ಅವುಗಳಲ್ಲಿ ಅರ್ಧ ಯಾವ ದಾಖಲೆಯಲ್ಲೂ ಇಲ್ಲ.

ಇದೆಲ್ಲ ಎಲ್ಲಿಂದ ಬಂತು ಅಂತ ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ. ವ್ಯಾಪಾರದ ಲೆಕ್ಕಕ್ಕೆ ಕಂಪ್ಯೂಟರ್ ಬಳಸುವುದನ್ನು ಮೊದಲು ಗಂಭೀರವಾಗಿ ಮಾಡಿದ್ದು ಬ್ರಿಟನ್ನಿನ ಒಂದು ಚಹಾ ಅಂಗಡಿಗಳ ಕಂಪನಿ, ಜೆ. ಲಯನ್ಸ್. ಅವರು ತಮ್ಮದೇ ಕಂಪ್ಯೂಟರ್ ಕಟ್ಟಿಕೊಂಡರು, ಹೆಸರು ಲಿಯೋ. 1951ರಲ್ಲಿ ಅದು ಬೇಕರಿಯ ಲೆಕ್ಕ ಹಾಕತೊಡಗಿತು. ಚಹಾ, ಬನ್ನು, ಕಂಪ್ಯೂಟರ್! ನಮ್ಮ ಬೆಂಗಳೂರಿನ ದರ್ಶಿನಿಗಳು ಇದನ್ನು ಓದಿ ಖುಷಿಪಡಬೇಕು.

ಅಲ್ಲಿಂದ ಇಪ್ಪತ್ತು ವರ್ಷ ಪ್ರತಿ ಇಲಾಖೆಗೂ ಅದರದೇ ಪ್ರೋಗ್ರಾಂ. ಸ್ಟೋರ್ಸಿನದು ಒಂದು, ಸಂಬಳದ್ದು ಒಂದು, ಅಕೌಂಟ್ಸಿನದು ಮತ್ತೊಂದು. ದಿನವಿಡೀ ಕಾರ್ಡುಗಳಲ್ಲಿ ತೂತು ಹೊಡೆದಿಟ್ಟು ರಾತ್ರಿ ಒಟ್ಟಿಗೆ ಓಡಿಸುವುದು. ಬೆಳಗ್ಗೆ ಕಾಗದದ ರಾಶಿ ಬರುತ್ತಿತ್ತು. ತಿಂಗಳ ಕೊನೆಗೆ ಸ್ಟೋರ್ಸಿನ ಸ್ಟಾಕಿಗೂ ಅಕೌಂಟ್ಸಿನ ಸ್ಟಾಕಿಗೂ ತಾಳೆಯಾಗುತ್ತಿರಲಿಲ್ಲ. ಯಾರದ್ದು ಸರಿ ಅಂತ ವಾರಗಟ್ಟಲೆ ಜಟಾಪಟಿ. 60ರ ದಶಕದಲ್ಲಿ ಅಮೆರಿಕದ ಜೋಸೆಫ್ ಆರ್ಲಿಕಿ ಎಂಆರ್‌ಪಿ ಅನ್ನುವ ಕ್ರಮ ಕಟ್ಟಿದರು. ಒಂದು ಟ್ರ್ಯಾಕ್ಟರ್ ಮಾಡೋಕೆ ಏನೇನು ಬಿಡಿಭಾಗ ಬೇಕು, ಯಾವುದು ಎಷ್ಟು ದಿನ ಮುಂಚೆ ಬೇಕು, ಕೈಯಲ್ಲಿ ಎಷ್ಟಿದೆ ಅಂತ ಕೊನೆಯ ತಾರೀಖಿನಿಂದ ಹಿಂದಕ್ಕೆ ಲೆಕ್ಕ ಹಾಕುವುದು. ಅದೇ ಇವತ್ತಿಗೂ ನಿಮ್ಮಲ್ಲಿ ರಾತ್ರಿ ಓಡುತ್ತಿರುವುದು. ಇಆರ್‌ಪಿ ಅನ್ನುವ ಹೆಸರು ಬಂದದ್ದು ಎಷ್ಟೋ ಆಮೇಲೆ, 1990ರಲ್ಲಿ. ಗಾರ್ಟ್ನರ್ ಅನ್ನುವ ಸಂಶೋಧನಾ ಸಂಸ್ಥೆಯವರು ಇಟ್ಟದ್ದು.

1972ರಲ್ಲಿ ಜರ್ಮನಿಯಲ್ಲಿ ಐಬಿಎಂ ಬಿಟ್ಟುಬಂದ ಐದು ಜನ ಸ್ಯಾಪ್ ಶುರುಮಾಡಿದರು. ಹಾಸ್ಸೋ ಪ್ಲಾಟ್ನರ್, ಡೀಟ್ಮಾರ್ ಹಾಪ್ ಅವರಲ್ಲಿ ಇಬ್ಬರು. ಮೊದಲ ಗಿರಾಕಿ ಓಸ್ಟ್ರಿಂಗನ್ ಊರಿನ ಐಸಿಐ ಕಂಪನಿಯ ನೈಲಾನ್ ಕಾರ್ಖಾನೆ. ಸ್ವಂತ ಕಂಪ್ಯೂಟರ್ ಇಲ್ಲ. ಗಿರಾಕಿಯ ಕಂಪ್ಯೂಟರಿನಲ್ಲೇ ಕೂತು ಬರೆದರು. ಅವರ ಆಲೋಚನೆ ಸರಳ. ತೂತು ಕಾರ್ಡು ಬೇಡ, ಸ್ಕ್ರೀನಿನಲ್ಲಿ ಹೊಡೆದ ಕೂಡಲೇ ಎಲ್ಲ ಖಾತೆಗಳಿಗೂ ಹೋಗಲಿ. ಸ್ಯಾಪ್‌ನ ಹಳೇ ಆವೃತ್ತಿಗಳಾದ ಆರ್/2, ಆರ್/3 ಅನ್ನುವಲ್ಲಿ ಇರುವ 'ಆರ್' ಅದೇ, ರಿಯಲ್ ಟೈಮ್.

ಒಮ್ಮೆ ಬರೆದರೆ ಎಲ್ಲರಿಗೂ ತಲುಪಬೇಕು. ಈ ಇಡೀ ಕಟ್ಟಡ ನಿಂತಿರುವುದು ಈ ಒಂದು ಮಾತಿನ ಮೇಲೆ. ನಿಮ್ಮನ್ನು ಕಾಡುತ್ತಿರುವ ಅಷ್ಟೂ ಕಷ್ಟ ಹುಟ್ಟಿರುವುದೂ ಇದರಿಂದಲೇ. ನಿಮ್ಮ ಗೆಳೆಯರ ಆ್ಯಪಿನಲ್ಲಿ ಒಂದು ಬಟನ್ ಬದಲಿಸಿದರೆ ಒಂದು ಸ್ಕ್ರೀನ್ ಬದಲಾಗುತ್ತದೆ. ನಿಮ್ಮಲ್ಲಿ ಜಿಆರ್‌ಎನ್ ಸ್ಕ್ರೀನಿನಲ್ಲಿ ಒಂದು ಫೀಲ್ಡ್ ಕಡ್ಡಾಯ ಮಾಡಿದರೆ ಸ್ಟೋರ್ಸ್, ಕ್ಯೂಸಿ, ಪರ್ಚೇಸ್, ಅಕೌಂಟ್ಸ್, ಆಡಿಟ್ ಐದೂ ಕಡೆಯಿಂದ ಫೋನ್ ಬರುತ್ತದೆ. ಮೂರು ತಿಂಗಳು ಅನ್ನುತ್ತಾರಲ್ಲ, ಅದರಲ್ಲಿ ಕೋಡ್ ಬರೆಯುವುದು ನಾಲ್ಕು ದಿನ. ಉಳಿದದ್ದು ಆ ಐದು ಜನರನ್ನು ಒಪ್ಪಿಸೋಕೆ, ಆಮೇಲೆ ಟೆಸ್ಟ್ ಮಾಡೋಕೆ.

ಟೇಬಲ್ ಹೆಸರುಗಳ ವಿಷಯ. ಅವು ಜರ್ಮನ್. ಬಿಕೆಪಿಎಫ್ ಅಂದರೆ ಬೆಲೆಗ್ ಕಾಪ್ಫ್. ಬೆಲೆಗ್ ಅಂದರೆ ವೋಚರ್, ಕಾಪ್ಫ್ ಅಂದರೆ ತಲೆ. ವೋಚರಿನ ತಲೆಬರಹ ಇರುವ ಟೇಬಲ್. ವೆಂಡರ್ ನಂಬರಿಗೆ ಲಿಫ್‌ಎನ್‌ಆರ್, ಯಾಕಂದರೆ ಸರಬರಾಜುದಾರನಿಗೆ ಜರ್ಮನ್ನಿನಲ್ಲಿ ಲೀಫರಾಂಟ್. ಗಿರಾಕಿ ಕುಂಡೆ, ಅದಕ್ಕೆ ಕುನ್‌ಎನ್‌ಆರ್. (ಕನ್ನಡದವರು ತಂಡದಲ್ಲಿದ್ದರೆ ಟ್ರೇನಿಂಗಿನ ಮೊದಲ ದಿನ ಇಲ್ಲಿ ನಗು ತಡೆಯೋಕಾಗಲ್ಲ. ನಮ್ಮ ಬ್ಯಾಚಿನಲ್ಲೂ ಹಾಗೇ ಆಯಿತು.) ಹದಿನೈದು ಪದ ಕಲಿತರೆ ಮುಕ್ಕಾಲು ಟೇಬಲ್‌ಗಳು ತಾವೇ ಅರ್ಥ ಹೇಳುತ್ತವೆ.

ಹಳೇ ತೀರ್ಮಾನ ಕಾಲಿಗೆ ತೊಡರುವುದೂ ಉಂಟು. ಬಿಸೆಗ್ ಅನ್ನುವ ಟೇಬಲಿನಲ್ಲಿ ವೋಚರಿನ ಸಾಲು ಸಂಖ್ಯೆಗೆ ಮೂರೇ ಅಂಕಿ ಜಾಗ. ಅಂದರೆ ಒಂದು ವೋಚರಿನಲ್ಲಿ ಹೆಚ್ಚೆಂದರೆ 999 ಸಾಲು. ಗುಮಾಸ್ತರು ಕೈಯಲ್ಲಿ ನಾಲ್ಕೈದು ಸಾಲಿನ ವೋಚರ್ ಬರೆಯುತ್ತಿದ್ದ ಕಾಲಕ್ಕೆ 999 ಅಂದರೆ ಸಮುದ್ರ. ಆಮೇಲೆ ಸೂಪರ್ ಮಾರ್ಕೆಟ್‌ಗಳು ಬಂದವು. ದಿನದ ಮಾರಾಟವನ್ನೆಲ್ಲ ಒಂದೇ ಸಲ ಪೋಸ್ಟ್ ಮಾಡೋಕೆ ಹೋದವರಿಗೆ 'ಸಾಲು ಮುಗಿದಿದೆ' ಅಂತ ಎರರ್. ನೀವು ಮೂರನ್ನು ಆರು ಮಾಡಿ ಅನ್ನಬಹುದು. ಆದರೆ ಆ ಮೂರು ಅಂಕಿಯನ್ನು ನಂಬಿಕೊಂಡು ಜಗತ್ತಿನಾದ್ಯಂತ ಗಿರಾಕಿಗಳು ತಮ್ಮದೇ ಪ್ರೋಗ್ರಾಂ ಬರೆದುಕೊಂಡಿದ್ದಾರೆ. ಅದನ್ನು ಮುಟ್ಟಿದರೆ ಅವೆಲ್ಲ ಮುರಿದುಬೀಳುತ್ತವೆ. ಹಾಗಾಗಿ ಸ್ಯಾಪ್ ಬಿಸೆಗ್ ಮುಟ್ಟಲಿಲ್ಲ. ಪಕ್ಕದಲ್ಲಿ ಹೊಸ ಟೇಬಲ್ ಕಟ್ಟಿತು. ಅದರ ಕಥೆ ಮುಂದೆ ಹೇಳುತ್ತೇನೆ.

ಗಿರಾಕಿಗಳ ಸ್ವಂತ ಪ್ರೋಗ್ರಾಂ ಅಂದೆ. ನಿಮ್ಮ ತಂಡದಲ್ಲಿ ದಿನಾ ಕೇಳುವ 'ಝಡ್ ಪ್ರೋಗ್ರಾಂ' ಅದೇ. ಗಿರಾಕಿ ಬರೆದದ್ದರ ಹೆಸರು ಝಡ್ ಅಥವಾ ವೈ ಅಕ್ಷರದಿಂದ ಶುರುವಾಗಬೇಕು ಅನ್ನುವುದು ನಿಯಮ, ಸ್ಯಾಪ್‌ನವರ ಕೋಡಿಗೂ ಇದಕ್ಕೂ ಕಲಬೆರಕೆ ಆಗಬಾರದು ಅಂತ. ಒಳ್ಳೇ ನಿಯಮವೇ. ಆದರೆ ಹತ್ತು ವರ್ಷ ಕಳೆದ ಯಾವ ಕಂಪನಿಗೆ ಹೋದರೂ ಸಾವಿರಾರು ಝಡ್ ಪ್ರೋಗ್ರಾಂಗಳು ಬಿದ್ದಿರುತ್ತವೆ. ಯಾವುದು ಯಾರಿಗೆ ಬೇಕು ಅಂತ ಯಾರಿಗೂ ಗೊತ್ತಿರುವುದಿಲ್ಲ. ಬರೆದವರು ಕೆನಡಾಕ್ಕೆ ಹೋಗಿ ಆರು ವರ್ಷ ಆಗಿರುತ್ತದೆ.

ನನ್ನ ಮಟ್ಟಿಗೆ ಈ ಕೆಲಸದ ನಿಜವಾದ ಕಷ್ಟ ಇಲ್ಲೇ ಇದೆ. ಸಾವಿರಾರು ಕಂಪನಿಗಳಿಗೆ ಒಂದೇ ಸಾಫ್ಟ್‌ವೇರ್ ಮಾರಬೇಕು. ಯಾವ ಎರಡು ಕಂಪನಿಯೂ ಒಂದೇ ಥರ ಇಲ್ಲ. ಎಲ್ಲವನ್ನೂ ಸೆಟ್ಟಿಂಗ್ ಮಾಡಿ ಬಿಟ್ಟರೆ ಸೆಟ್ಟಿಂಗೇ ಒಂದು ಕಾಡು. ಏನೂ ಬಿಡದಿದ್ದರೆ ಯಾರೂ ಕೊಳ್ಳುವುದಿಲ್ಲ. ಕೋಡ್ ಬದಲಿಸೋಕೆ ಬಿಟ್ಟರೆ ಮುಂದಿನ ವರ್ಷನ್ ಹಾಕುವ ದಿನ ಗೋಳು.

ಜರ್ಮನಿಯ ಲಿಡ್ಲ್ ಗೊತ್ತಲ್ವಾ, ದೊಡ್ಡ ದಿನಸಿ ಅಂಗಡಿಗಳ ಸರಣಿ. 2011ರಲ್ಲಿ ಅವರು ಸ್ಯಾಪ್ ಹಾಕೋಕೆ ಹೊರಟರು. 2018ರಲ್ಲಿ ಕೈಬಿಟ್ಟರು. ಅಷ್ಟರಲ್ಲಿ ಸುಮಾರು 50 ಕೋಟಿ ಯೂರೋ ಖರ್ಚಾಗಿತ್ತು. ಆಗ ವರದಿಯಾದ ಮುಖ್ಯ ಕಾರಣ ಕೇಳಿದರೆ ನಂಬಲ್ಲ. ಲಿಡ್ಲ್ ತನ್ನ ಸ್ಟಾಕನ್ನು ಕೊಂಡ ಬೆಲೆಯಲ್ಲಿ ಲೆಕ್ಕ ಇಡುತ್ತಿತ್ತು. ಸ್ಯಾಪ್‌ನ ರೀಟೇಲ್ ಸಾಫ್ಟ್‌ವೇರ್ ಮಾರುವ ಬೆಲೆಯಲ್ಲಿ ಇಡುತ್ತಿತ್ತು. ಲಿಡ್ಲ್ ತನ್ನ ಪದ್ಧತಿ ಬಿಡಲಿಲ್ಲ, ಸಾಫ್ಟ್‌ವೇರನ್ನೇ ಬಗ್ಗಿಸೋಕೆ ಹೋಯಿತು. ಬೆಲೆ ಅನ್ನುವುದು ಸರಳಿನ ಲೆಕ್ಕದಲ್ಲಿ ನೋಡಿದಿರಲ್ಲ, ಎಲ್ಲ ಕಡೆಗೂ ಹರಿಯುವ ವಸ್ತು. ಅದನ್ನು ಒಂದು ಕಡೆ ತಿದ್ದಿದರೆ ಹತ್ತು ಕಡೆ ಬಾಯಿಬಿಡುತ್ತದೆ. ಏಳು ವರ್ಷ ಆ ಹತ್ತು ಕಡೆ ಹೊಲಿಗೆ ಹಾಕಿದರು.

ಯಾರದ್ದು ತಪ್ಪು? ಬಹಳ ಜನ ಲಿಡ್ಲ್ ಹಟಮಾರಿ ಅಂದರು. ನಾನು ಹಾಗೆ ಹೇಳಲ್ಲ. ವ್ಯಾಪಾರ ಚೆನ್ನಾಗಿ ನಡೆಯುತ್ತಿದ್ದಾಗ ಸಾಫ್ಟ್‌ವೇರಿಗೋಸ್ಕರ ಲೆಕ್ಕದ ಪದ್ಧತಿ ಬದಲಿಸು ಅಂದರೆ ಯಾರು ಕೇಳುತ್ತಾರೆ? ಆದರೆ ಆ ಪ್ರಶ್ನೆಯನ್ನು ಮೊದಲ ತಿಂಗಳಲ್ಲೇ ಮೇಜಿನ ಮೇಲೆ ಇಟ್ಟು ತೀರ್ಮಾನಿಸಬೇಕಿತ್ತು.

ಅಮೆರಿಕದ ಚಾಕೊಲೇಟ್ ಕಂಪನಿ ಹರ್ಷೀಸ್‌ದು ಬೇರೆ ಥರ. ಅಲ್ಲಿ ತಪ್ಪಿದ್ದು ತಾರೀಖು. 1999ರ ಜುಲೈನಲ್ಲಿ ಹಳೆಯದನ್ನೆಲ್ಲ ಬಿಟ್ಟು ಒಂದೇ ಸಲ ಹೊಸದಕ್ಕೆ ಹಾರಿದರು. ಅಲ್ಲಿ ಮಿಠಾಯಿ ಅತಿ ಹೆಚ್ಚು ಮಾರಾಟ ಆಗುವ ಹ್ಯಾಲೋವೀನ್ ಹಬ್ಬ ಅಕ್ಟೋಬರ್ ಕೊನೆಗೆ. ಮಾಲು ಗೋದಾಮಿನಲ್ಲಿತ್ತು, ಅಂಗಡಿಗಳಿಂದ ಆರ್ಡರ್ ಬಂದಿತ್ತು, ಆದರೆ ಚಾಕೊಲೇಟ್ ಲಾರಿಗೆ ಏರಲಿಲ್ಲ. ದಾವಣಗೆರೆಯ ಬಟ್ಟೆ ಅಂಗಡಿಯವರು ದೀಪಾವಳಿಗೆ ಮುಂಚಿನ ವಾರ ಬಿಲ್ಲಿಂಗ್ ಬದಲಿಸುತ್ತಾರಾ? ಇಲ್ಲ ಅಲ್ವಾ. ಯುಗಾದಿ ಆದಮೇಲೆ ನೋಡೋಣ ಅನ್ನುತ್ತಾರೆ.

ಇನ್ನೊಂದು ನನ್ನದೇ ಅನುಭವ. ಹೆಸರು ಬೇಡ, ನಮ್ಮ ರಾಜ್ಯದ್ದೇ ಒಂದು ಕಾರ್ಖಾನೆ. ಪಿಒ ಇಲ್ಲದೆ ಮಾಲು ಒಳಗೆ ಬರಲೇಬಾರದು ಅಂತ ನಿಯಮ ಕೂರಿಸಿದೆವು. ಆಡಿಟರ್‌ಗೆ ಖುಷಿ, ನಮಗೂ ಹೆಮ್ಮೆ. ಆದರೆ ಶನಿವಾರ ಸಂಜೆ ಮೆಷಿನ್ ನಿಂತರೆ, ಯಾರೋ ಬೈಕಿನಲ್ಲಿ ಹೋಗಿ ಬೇರಿಂಗ್ ತರುತ್ತಾರೆ. ಪರ್ಚೇಸಿನವರು ಸೋಮವಾರ ಬರುತ್ತಾರೆ. ಅಲ್ಲಿಯ ತನಕ ಬೇರಿಂಗನ್ನು ಸಿಸ್ಟಮ್ಮಿನಲ್ಲಿ ತೋರಿಸದೆ ಇಶ್ಯೂ ಮಾಡುವ ಹಾಗಿಲ್ಲ. ನಾವು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರಿದರು. 'ಇತರೆ' ಅನ್ನುವ ಐಟಂಗೆ ಒಂದು ಲಕ್ಷ ಪೀಸಿನ ಒಂದು ಪಿಒ ಮಾಡಿಟ್ಟುಕೊಂಡರು. ಆರು ತಿಂಗಳು ಎಲ್ಲ ಅವಸರದ ಮಾಲೂ ಅದರಲ್ಲೇ ಒಳಗೆ ಬಂತು. ಸ್ಟೋರ್ಸಿನ ಮೇಸ್ತ್ರಿ ಮಾತ್ರ ನಿಜವಾದ ಲೆಕ್ಕವನ್ನು ತಮ್ಮ ಉದ್ದನೆಯ ಪುಸ್ತಕದಲ್ಲಿ ಬರೆದಿಟ್ಟಿದ್ದರು, ಕೆಂಪು ಇಂಕಿನಲ್ಲಿ. ವರ್ಷದ ಕೊನೆಗೆ ಕಂಪನಿಯ ಮಾನ ಉಳಿಸಿದ್ದು ಆ ಪುಸ್ತಕ. ಆಮೇಲೆ ನಿಯಮ ಸಡಿಲಿಸಿದೆವು. ಪಿಒ ಇಲ್ಲದೆಯೂ ಮಾಲು ತಗೊಳ್ಳಬಹುದು, ಕಾರಣ ಬರೆಯಬೇಕು, 48 ಗಂಟೆಯೊಳಗೆ ಪರ್ಚೇಸಿನವರು ಪಿಒ ಹಾಕಬೇಕು. 'ಇತರೆ' ಪಿಒ ತಾನಾಗಿ ಸತ್ತುಹೋಯಿತು.

ನಮ್ಮ ದೇಶದಲ್ಲಿ ಕಾನೂನೇ ಒಂದು ದೊಡ್ಡ ವಿನ್ಯಾಸದ ಸಮಸ್ಯೆ. 2017ರ ಜೂನ್ 30ರ ರಾತ್ರಿ ಮಲಗದೆ ಇದ್ದವರಲ್ಲಿ ನಾನೂ ಒಬ್ಬ. ಅಲ್ಲಿಯ ತನಕ ಎಕ್ಸೈಸ್, ವ್ಯಾಟ್, ಸಿಎಸ್‌ಟಿ, ಸರ್ವಿಸ್ ಟ್ಯಾಕ್ಸ್. ಬೆಳಗಾಗುವಷ್ಟರಲ್ಲಿ ಜಿಎಸ್‌ಟಿ. ರಾಜ್ಯದೊಳಗೆ ಮಾರಿದರೆ ಸಿಜಿಎಸ್‌ಟಿ ಅರ್ಧ, ಎಸ್‌ಜಿಎಸ್‌ಟಿ ಅರ್ಧ. ಹೊಸೂರಿಗೆ ಮಾರಿದರೆ ಐಜಿಎಸ್‌ಟಿ. ಅತ್ತಿಬೆಲೆಯಿಂದ ಕಲ್ಲೆಸೆದರೆ ಬೀಳುವಷ್ಟು ದೂರ, ತೆರಿಗೆಯ ಖಾತೆಯೇ ಬೇರೆ. ದರ ಬದಲಿಸುವುದು ಸುಲಭ. ಕಷ್ಟ ಏನಂದರೆ ಹಳೆಯದನ್ನು ಉಳಿಸಿಕೊಂಡೇ ಬದಲಿಸುವುದು. 2025ರಲ್ಲಿ ದರಗಳು ಬದಲಾದದ್ದು ಸೆಪ್ಟೆಂಬರ್ 22ಕ್ಕೆ, ತಿಂಗಳ ಮಧ್ಯೆ. 20ಕ್ಕೆ ಬಿಲ್ ಮಾಡಿ ಕೊಟ್ಟ ಮಾಲು 25ಕ್ಕೆ ವಾಪಸ್ ಬಂದರೆ ಕ್ರೆಡಿಟ್ ನೋಟ್ ಯಾವ ದರದಲ್ಲಿ? ಹಳೇ ದರದಲ್ಲಿ. ಅದಕ್ಕೇ ಇಆರ್‌ಪಿಯಲ್ಲಿ ದರವನ್ನು ಅಳಿಸಿ ಹೊಸದು ಬರೆಯುವುದಿಲ್ಲ. 'ಈ ತಾರೀಖಿನಿಂದ ಆ ತಾರೀಖಿನ ತನಕ' ಅಂತ ಒಂದರ ಕೆಳಗೆ ಒಂದು ಸಾಲು ಸೇರಿಸುತ್ತಾ ಹೋಗುತ್ತಾರೆ. ಬೆಲೆ, ತೆರಿಗೆ, ಸಂಬಳ, ಎಲ್ಲದಕ್ಕೂ ಹೀಗೇ. ಹೊಸದಾಗಿ ಬರೆಯುವವರು ಮೊದಲು ಮರೆಯುವುದು ಇದನ್ನೇ.

ಇ-ಇನ್‌ವಾಯ್ಸ್ ಬಂದಮೇಲೆ ಇನ್ನೂ ಒಂದು ತಿರುವು. 2020ರ ಅಕ್ಟೋಬರಿನಲ್ಲಿ 500 ಕೋಟಿ ಮೇಲ್ಪಟ್ಟ ವಹಿವಾಟಿನವರಿಗೆ ಶುರುವಾಗಿ, 2023ರ ಆಗಸ್ಟಿಗೆ 5 ಕೋಟಿಯವರ ತನಕ ಬಂತು. ಈಗ ಬಿಲ್ ಹುಟ್ಟಿದರೆ ಸಾಲದು. ಸರ್ಕಾರದ ಪೋರ್ಟಲಿಗೆ ಹೋಗಿ, 64 ಅಕ್ಷರದ ಐಆರ್‌ಎನ್ (ಆ ಬಿಲ್ಲಿನ ಗುರುತು ಸಂಖ್ಯೆ) ಪಡೆದು ಬರಬೇಕು. ಪೋರ್ಟಲ್ ಉತ್ತರ ಕೊಡುವ ತನಕ ಲಾರಿ ಗೇಟಿನಲ್ಲೇ. ಬಿಲ್ ಹೋಗಿದೆ, ಉತ್ತರ ಬರುವಷ್ಟರಲ್ಲಿ ನೆಟ್ ಹೋಯಿತು ಅನ್ನಿ. ಇನ್ನೊಮ್ಮೆ ಕಳಿಸಬೇಕಾ? ಮೊದಲನೆಯದು ಅಲ್ಲಿ ದಾಖಲಾಗಿದೆಯಾ? ಇದನ್ನು ಸರಿಯಾಗಿ ಬರೆಯೋಕೆ ನಮ್ಮ ತಂಡಕ್ಕೆ ನಾಲ್ಕು ಸಲ ಬೇಕಾಯಿತು.

ಟ್ಯಾಲಿ ಹೇಗೆ ಇದನ್ನೆಲ್ಲ ಸುಲಭ ಮಾಡಿತು ಅಂತ ನೀವು ಕೇಳಬಹುದು. 1986ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ್ದು ಅದು. ಶ್ಯಾಮಸುಂದರ್ ಗೋಯೆಂಕಾ ತಮ್ಮ ವ್ಯಾಪಾರದ ಲೆಕ್ಕಕ್ಕೆ ಸರಿಹೋಗುವ ಸಾಫ್ಟ್‌ವೇರ್ ಸಿಗದೆ, ಮಗ ಭರತ್ ಕೈಲಿ ಬರೆಸಿದರು. ಟ್ಯಾಲಿಯಲ್ಲಿ ಹಳೇ ವೋಚರ್ ತೆರೆದು ತಿದ್ದಬಹುದಿತ್ತು. ನಮ್ಮ ಅಂಗಡಿಕಾರರು ಅದನ್ನು ಅಪ್ಪಿಕೊಂಡದ್ದಕ್ಕೆ ಅದೂ ಒಂದು ಕಾರಣ ಅನ್ನುವುದು ನನ್ನ ಅನಿಸಿಕೆ. ಸ್ಯಾಪ್‌ನಲ್ಲಿ ಒಮ್ಮೆ ಪೋಸ್ಟ್ ಆದದ್ದನ್ನು ಅಳಿಸೋಕಾಗಲ್ಲ. ತಪ್ಪಾದರೆ ಉಲ್ಟಾ ವೋಚರ್ ಹಾಕಿ ಸರಿಮಾಡಬೇಕು. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರ್ ಪ್ರತಿ ತಿದ್ದುಪಡಿಯ ಜಾಡನ್ನೂ ಉಳಿಸಿಕೊಳ್ಳಲೇಬೇಕು ಅನ್ನುವ ನಿಯಮ ಬಂತು. ಟ್ಯಾಲಿಯವರೂ ಎಡಿಟ್ ಲಾಗ್ ಇರುವ ಆವೃತ್ತಿ ತಂದರು.

ಈಗ ಹೊಸ ಟೇಬಲಿನ ಕಥೆ. ಆರ್/3 ಬಂದ 1992ರಲ್ಲಿ ಡಿಸ್ಕ್ ನಿಧಾನ, ಮೆಮೊರಿ ಚಿನ್ನದ ಬೆಲೆ. ಒಂದು ಖಾತೆಯ ಬಾಕಿ ಎಷ್ಟು ಅಂತ ಕೇಳಿದರೆ ಲಕ್ಷಾಂತರ ಸಾಲು ಓದಿ ಕೂಡಿಸೋಕೆ ಪುರುಸೊತ್ತಿಲ್ಲ. ಹಾಗಾಗಿ ಮೊತ್ತಗಳನ್ನು ಮೊದಲೇ ಕೂಡಿಸಿ ಬೇರೆ ಟೇಬಲಿನಲ್ಲಿ ಇಟ್ಟರು. ಬಾಕಿ ಇರುವ ಬಿಲ್‌ಗಳಿಗೆ ಒಂದು ನಕಲು, ತೀರಿದವಕ್ಕೆ ಇನ್ನೊಂದು ನಕಲು. ಕಾಸ್ಟಿಂಗಿನವರಿಗೆ ಬೇರೆಯೇ ಟೇಬಲ್. ಒಂದೇ ವಿಷಯ ಆರು ಕಡೆ. ಮತ್ತೆ ಹಳೇ ರೋಗ: ಕಾಸ್ಟಿಂಗಿನ ಮೊತ್ತಕ್ಕೂ ಫೈನಾನ್ಸಿನ ಮೊತ್ತಕ್ಕೂ ತಾಳೆಯಿಲ್ಲ. ಇಲಾಖೆಗಳ ಜಗಳ ಮುಗಿಸೋಕೆ ಬಂದ ಸಾಫ್ಟ್‌ವೇರಿನ ಹೊಟ್ಟೆಯೊಳಗೇ ಅದೇ ಜಗಳ!

ಮೆಮೊರಿ ಅಗ್ಗವಾದ ಮೇಲೆ ಪ್ಲಾಟ್ನರ್ ಹಟ ಹಿಡಿದು ಹಾನಾ ಡೇಟಾಬೇಸ್ ಕಟ್ಟಿಸಿದರು. ಎಲ್ಲ ಮೆಮೊರಿಯಲ್ಲೇ ಇರಲಿ, ಕೇಳಿದಾಗ ಕೂಡಿಸಿದರಾಯಿತು, ಮೊತ್ತ ಕಟ್ಟಿಡುವುದೇ ಬೇಡ ಅನ್ನುವುದು ಅವರ ವಾದ. 2015ರಲ್ಲಿ ಅದರ ಮೇಲೆ ಎಸ್/4 ಹಾನಾ ಅನ್ನುವ ಹೊಸ ಸ್ಯಾಪ್ ಬಂತು. ಅಕ್‌ಡೋಕಾ ಅನ್ನುವ ಒಂದೇ ದೊಡ್ಡ ಟೇಬಲಿಗೆ ಫೈನಾನ್ಸ್, ಕಾಸ್ಟಿಂಗ್ ಎರಡೂ ಇಳಿದವು. ಸಾಲು ಸಂಖ್ಯೆಗೆ ಆರು ಅಂಕಿ. ಹಳೇ ನಕಲು ಟೇಬಲ್‌ಗಳು ಹೋದವು, ಆದರೆ ಅವುಗಳ ಹೆಸರು ಹೋಗಲಿಲ್ಲ. ಅದೇ ಹೆಸರಿನಲ್ಲಿ ವ್ಯೂ ಇಟ್ಟರು, ಅಂದರೆ ಹೊಸ ಟೇಬಲನ್ನು ಹಳೇ ಟೇಬಲಿನ ಹಾಗೆ ತೋರಿಸುವ ಕಿಟಕಿ. ಹಳೇ ಝಡ್ ಪ್ರೋಗ್ರಾಂ ಹಳೇ ಟೇಬಲ್ ಓದುತ್ತಿದ್ದೇನೆ ಅಂದುಕೊಂಡು ಹೊಸದನ್ನೇ ಓದುತ್ತದೆ. ಇಷ್ಟು ವರ್ಷದಲ್ಲಿ ನಾನು ನೋಡಿದ ಅತ್ಯಂತ ಜಾಣ ಕೆಲಸ ಇದು. ಮನೆಯಲ್ಲಿ ಜನ ವಾಸವಿರುವಾಗಲೇ ಕೆಳಗಿನ ಪಾಯ ಬದಲಿಸಿದ ಹಾಗೆ.

ಅಂದಹಾಗೆ, ಹೊಸದಾಗಿ ಬರೆಯುವ ನಿಮ್ಮ ಆಸೆ ಸ್ಯಾಪ್‌ಗೂ ಬಂದಿತ್ತು. 2007ರಲ್ಲಿ ಬಿಸಿನೆಸ್ ಬೈಡಿಸೈನ್ ಅಂತ ಸಣ್ಣ, ಮಧ್ಯಮ ಕಂಪನಿಗಳಿಗೆ ಮೊದಲಿನಿಂದ ಬರೆದ ಸಾಫ್ಟ್‌ವೇರ್ ತಂದರು. 2010ರೊಳಗೆ 10,000 ಗಿರಾಕಿಗಳು ಅನ್ನುವ ಗುರಿ ಇತ್ತು. ಹತ್ತಿರಕ್ಕೂ ಹೋಗಲಿಲ್ಲ. ಸ್ಯಾಪ್‌ನ ಎದುರಾಳಿ ಒರಾಕಲ್ 2005ರಲ್ಲಿ ಪೀಪಲ್‌ಸಾಫ್ಟ್ ಅನ್ನುವ ಸಾಫ್ಟ್‌ವೇರ್ ಕಂಪನಿ ಕೊಂಡು, ಎಲ್ಲ ಸೇರಿಸಿ ಫ್ಯೂಷನ್ ಅಂತ ಹೊಸದು ಬರೆಯುತ್ತೇವೆ ಅಂದಿತು. ಎಲ್ಲರ ಕೈಗೂ ಸಿಗೋಕೆ 2011 ಬಂತು. ಇವರಿಗೆ ದುಡ್ಡಿನ ಕೊರತೆ ಇರಲಿಲ್ಲ, ಜನರ ಕೊರತೆಯೂ ಇರಲಿಲ್ಲ. ಹಾಗಂತ ಹೊಸದು ಯಾವುದೂ ಗೆಲ್ಲಲ್ಲ ಅಂತಲ್ಲ. ಮುಂಬೈಯವರ ಇಆರ್‌ಪಿನೆಕ್ಸ್ಟ್ ನೋಡಿ. ಓಪನ್ ಸೋರ್ಸ್, ಐವತ್ತು ಜನರ ಕಂಪನಿಗೆ ಚೆನ್ನಾಗಿ ಸಾಕು. ಚಿಕ್ಕದಾಗಿ ಶುರುಮಾಡಿ ಬೆಳೆಯುವುದು ಸಾಧ್ಯ. ಓಡುತ್ತಿರುವ ದೊಡ್ಡದನ್ನು ಒಂದೇ ಏಟಿಗೆ ಬದಲಿಸುವುದು ಬೇರೆ ಮಾತು.

ಕೊನೆಗೆ, ಮುಂದುವರಿಯಬೇಕಾ ಅಂತ ಕೇಳಿದ್ದೀರಿ. ನನ್ನನ್ನು ಕೇಳಿದರೆ ಇನ್ನೆರಡು ವರ್ಷ ಇರಿ. ಎಸ್/4ಕ್ಕೆ ಮುಂಚಿನ ಆವೃತ್ತಿಯಾದ ಇಸಿಸಿಗೆ ಸ್ಯಾಪ್‌ನ ಸಾಮಾನ್ಯ ಸಪೋರ್ಟ್ 2027ರ ಕೊನೆಯ ತನಕ ಮಾತ್ರ. ಇಸಿಸಿಯಿಂದ ಎಸ್/4ಕ್ಕೆ ಬರುವವರು ತಮ್ಮ ಪ್ರತಿ ಝಡ್ ಪ್ರೋಗ್ರಾಂ ತೆಗೆದು ಇದು ಯಾಕಿದೆ ಅಂತ ಕೇಳಿಕೊಳ್ಳಬೇಕು. ಉತ್ತರ ಗೊತ್ತಿರುವವರಿಗೆ ಕೆಲಸಕ್ಕೇನೂ ಬರವಿಲ್ಲ. ಸ್ಯಾಪ್ ಪ್ರೋಗ್ರಾಂ ಬರೆಯುವ ಅಬಾಪ್ ಭಾಷೆ ಎರಡು ತಿಂಗಳಲ್ಲಿ ಬರುತ್ತದೆ, ಅದಕ್ಕೆ ಹೆದರಬೇಡಿ. ಡೆಬಿಟ್ ಕ್ರೆಡಿಟ್ ಮಾತ್ರ ಸರಿಯಾಗಿ ಕಲಿಯಿರಿ. ನಮ್ಮ ಎಂಜಿನಿಯರ್‌ಗಳು ಅದನ್ನು ಕಾಮರ್ಸಿನವರ ವಿಷಯ ಅಂತ ಬಿಟ್ಟು ಆಮೇಲೆ ಪೇಚಾಡುತ್ತಾರೆ.

ಈ ವಾರಕ್ಕೆ ಒಂದು ಕೆಲಸ ಹೇಳುತ್ತೇನೆ. ಅಕೌಂಟ್ಸಿನವರಿಂದ ಜಿಆರ್‌ಐಆರ್ ಖಾತೆಯ ಬಾಕಿ ಪಟ್ಟಿ ಕೇಳಿ. ವರ್ಷಕ್ಕಿಂತ ಹಳೆಯದಾದ ಒಂದು ಸಾಲು ಅದರಲ್ಲಿ ಸಿಗದೆ ಇರಲ್ಲ. ಮಾಲು ಬಂದಿದೆ, ಬಿಲ್ ಬಂದಿಲ್ಲ. ಇಲ್ಲವೇ ಬಿಲ್ ಬಂದಿದೆ, ಮಾಲು ಕಡಿಮೆ ಬಂದಿದೆ. ಇಲ್ಲವೇ ಒಬ್ಬನೇ ವೆಂಡರನ್ನು 'ಮಂಜುನಾಥ'ದ ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಎಚ್ ಹಾಕಿ ಒಮ್ಮೆ, ಹಾಕದೆ ಒಮ್ಮೆ, ಎರಡು ಸಲ ಸೇರಿಸಿದ್ದಾರೆ. ಆ ಒಂದು ಸಾಲು ಯಾಕೆ ಹಾಗೇ ಉಳಿದಿದೆ ಅಂತ ಹುಡುಕಿ. ಪರ್ಚೇಸ್, ಸ್ಟೋರ್ಸ್, ಅಕೌಂಟ್ಸ್ ಮೂರೂ ಕಡೆ ಹೋಗಬೇಕಾಗುತ್ತದೆ. ಸ್ಟೋರ್ಸಿಗೆ ಮಾತ್ರ ಮಧ್ಯಾಹ್ನ ಮೂರರ ಮೇಲೆ ಹೋಗಿ. ಬೆಳಗ್ಗೆ ಅವರಿಗೆ ಲಾರಿಗಳ ಗಲಾಟೆ.